ಸರದಿ ಹುಟ್ಟುವ ಮುನ್ನ

ದೆಬ್ರೆ ಬರ್ಹಾನಿನ ಚಳಿ ಅಂದರೆ ಚಳಿ;
ಗಾಬಿ ಹೊದ್ದವರ ಮಾತೂ ಹೊಗೆಯಾಗಿಯೇ ಬರುತ್ತದೆ.
ವುದ್ನೆಶ್ ದೊಡ್ಡಮ್ಮ ಹಾಸು ಬಿಚ್ಚುತ್ತಾಳೆ:
ಕೆಂಪು ಬಟ್ಟೆ, ಮೇಲೆ ನೀಲಿ ಪಟ್ಟಿ ಹೊಲಿದದ್ದು.
ಕಪ್ಪಿಲ್ಲ, ಬಿಳುಪಿಲ್ಲ, ಎಲ್ಲ ಮನೆಗೂ ಒಂದೇ ಬಣ್ಣ.
ಒಂದು ಮೂಲೆಗೆ ಮಾತ್ರ ಹಳೆಯ ಕಾಫಿಯ ಕಲೆ,
ಅದು ರಥದ ಮನೆ, ಗುರುತಿಗೆ ಅನುಕೂಲ.

ಎದುರಿಗೆ ಅತ್ನಾಫ್‌ಸೆಗೆದ್ ಚಿಕ್ಕಪ್ಪ.
ಮೂವತ್ತು ವರ್ಷ ದೆಸ್ಸೆ ದಾರಿಯಲ್ಲಿ ಲಾರಿ ಓಡಿಸಿದವನು,
ಅಣ್ಣ ಸತ್ತ ದಿನ ಈರುಳ್ಳಿ ಲೋಡಿನ ಜೊತೆ
ತರ್ಮಾಬೆರ್ ಘಾಟಿಯ ಮಂಜಿನಲ್ಲಿ ನಿಂತುಬಿಟ್ಟವನು.
ಮಣ್ಣಿಗೆ ಬರಲಿಲ್ಲ.
ಅಂದಿನಿಂದ ಇಬ್ಬರ ನಡುವೆ
ನಡೆ ಉಂಟು, ನುಡಿ ಇಲ್ಲ.

ಸೆಂತರೆಜ್ ಆಟಕ್ಕೆ ಮೊದಮೊದಲು ಸರದಿಯೇ ಇಲ್ಲ.
ವೆರೆರಾ ಅನ್ನುತ್ತಾರೆ. ಇಬ್ಬರೂ ಒಟ್ಟಿಗೆ,
ಎಷ್ಟು ಬೇಕೋ ಅಷ್ಟು, ಬೇಕೆನಿಸಿದಾಗ
ಕಾಯಿ ನಡೆಸಬಹುದು, ಮೊದಲ ಕಾಯಿ ಬೀಳುವ ತನಕ.
ನೀನಾದ ಮೇಲೆ ನಾನು ಎಂಬುದು
ಒಂದು ಸಾವಾದ ಮೇಲೆ ಹುಟ್ಟುವ ಕಾನೂನು.

ಕಲಿಯುವಾಗ ನಾನು ಕೈ ಬೀಸಿದ್ದೇ ಬೀಸಿದ್ದು.
ದೊಡ್ಡಮ್ಮ ಬೆರಳ ಗೆಣ್ಣಿಗೆ ಹೊಡೆದಳು:
"ಬೇಗ ನಡೆದವನು ಬೇಗ ಬೆತ್ತಲೆ.
ಹಾಸು ನೋಡಬೇಡ, ಎದುರಿನ ಮಣಿಕಟ್ಟು ನೋಡು.
ಅವನು ಕಟ್ಟಿದ್ದನ್ನು ಕಂಡು
ನಿನ್ನದನ್ನು ಕೆಡವಿ ಮತ್ತೆ ಕಟ್ಟು.
ಕಾಲಾಳು ಹಿಂದಕ್ಕೆ ಬಾರದವನು, ಅವನನ್ನು ಕೊನೆಗೆ ಕಳಿಸು."

ಮಂತ್ರಿ ಇಲ್ಲಿ ಮುದುಕ, ಓರೆಗೆ ಒಂದೇ ಹೆಜ್ಜೆ.
ಆನೆ ಓರೆಯಲ್ಲೇ ಒಂದು ಮನೆ ದಾಟಿ ಎರಡನೆಯದಕ್ಕೆ ನೆಗೆಯುತ್ತದೆ.
ನಾನೊಂದು ಮಧ್ಯಾಹ್ನ ಹುರಿದ ಜವೆಕಾಳಿಟ್ಟು ಎಣಿಸಿದೆ:
ಅರವತ್ತನಾಲ್ಕರಲ್ಲಿ ಆನೆಗೆ ದಕ್ಕುವುದು ಎಂಟು.
ನಾಲ್ಕು ಆನೆ, ನಾಲ್ಕಕ್ಕೂ ಬೇರೆ ಬೇರೆ ಎಂಟು.
ಎಷ್ಟು ತಲೆಮಾರು ಆಡಿದರೂ
ಒಂದು ತುಳಿದ ಮನೆಯನ್ನು ಇನ್ನೊಂದು ತುಳಿಯದು.
ಓಡಿಹೋಗಿ ಹೇಳಿದೆ. ದೊಡ್ಡಮ್ಮ
ಕಾಳು ಬಾಯಿಗೆ ಹಾಕಿಕೊಂಡು
"ಗೊತ್ತು" ಅಂದಳು.

ಅಂದು ಸಂಜೆ ಅಬೋಲ್ ಬಗ್ಗಿಸಿದರು, ತೋನಾ ಬಗ್ಗಿಸಿದರು,
ಯಾರೂ ಯಾರನ್ನೂ ತಿನ್ನಲಿಲ್ಲ.
ಕುದುರೆ ಹೋಗಿ ಬಂತು, ರಥ ಹೊರಳಿ ಬಂತು.
ಸ್ಟಿಯರಿಂಗ್ ಹಿಡಿದು ದಡ್ಡುಗಟ್ಟಿದ ಕೈ,
ನೂಲು ತೆಗೆದು ತೆಗೆದು ಸೊಟ್ಟಗಾದ ಕೈ,
ಒಂದರ ನೆರಳು ಇನ್ನೊಂದರ ಮೇಲೆ.
ನೋಡುವವರು ಬಾಯಿ ಮುಚ್ಚಿರಬೇಕೆಂಬ ನಿಯಮ ಇಲ್ಲಿಲ್ಲ.
ದರ್ಜಿ ಗಿರ್ಮಾಚೆವ್‌ಗೆ ತಡೆಯಲಾಗಲಿಲ್ಲ:
"ತಿನ್ನು ತಾಯೀ, ಕುದುರೆ ಬಾಯಿಗೇ ಬಂದಿದೆ!"
ತಿಂದರೆ ಸರದಿ ಶುರು.
ಸರದಿ ಶುರುವಾದರೆ ಲೆಕ್ಕ ಶುರು.

ಮೂರನೆಯ ಸುತ್ತು, ಬೆರೆಕಾ, ನೀರಾದ ಕಾಫಿ.
ತಿಂದವನು ಚಿಕ್ಕಪ್ಪ. ಒಂದು ಕಾಲಾಳು.
ಅದೂ ಕಣ್ತಪ್ಪಿ ಅಲ್ಲ.

ಆಮೇಲಿನದು ಇಳಿಜಾರಿನ ಲಾರಿ.
ಕತ್ತಲಾಗುವ ಹೊತ್ತಿಗೆ ಅವನಿಗೆ ಉಳಿದದ್ದು
ರಾಜ, ಮತ್ತು ಆ ಮುದಿ ಮಂತ್ರಿ.
ರಾಜನನ್ನು ಪೂರ್ತಿ ಬರಿದು ಮಾಡಿದರೆ ಗೆಲುವಲ್ಲ, ಸಮ.
ಗೆಲ್ಲುವವಳು ಸೋಲುವವನಿಗೆ ಏನಾದರೂ ಉಳಿಸಬೇಕು,
ಉಳಿಸಿ, ಏಳು ನಡೆಯೊಳಗೆ ಕಟ್ಟಿಹಾಕಬೇಕು.
ರಥದಿಂದ ಕಟ್ಟಿದರೆ ಹೊಗಳಿಕೆಯಿಲ್ಲ;
ಕಾಲಾಳಿನಿಂದ ಕಟ್ಟಿದರೆ ಕೇರಿಯೇ ಎದ್ದು ನಿಲ್ಲುತ್ತದೆ.

ಹಾಗಾಗಿ ಸೋಲುವವನ ಉಪಾಯ ವಿಚಿತ್ರ:
ಕೊನೆಯ ಕಾಯಿಯನ್ನು ತಾನೇ ತುತ್ತು ಮಾಡಿ ಒಡ್ಡುವುದು.
ಚಿಕ್ಕಪ್ಪ ಮಂತ್ರಿಯನ್ನು ಅವಳ ಆನೆಯ ಕಾಲಡಿಗೆ ತಳ್ಳಿದ.
ದೊಡ್ಡಮ್ಮ ಆನೆಯನ್ನೇ ಎಬ್ಬಿಸಿಕೊಂಡು ಹೋದಳು.
ರಥದ ದಾರಿಗೆ ತಳ್ಳಿದ. ರಥ ಪಕ್ಕಕ್ಕೆ ಸರಿಯಿತು.
ನಾನು ಬೆರಳು ಮಡಿಚುತ್ತಿದ್ದೆ. ಐದು.

"ತಿನ್ನು ಅತ್ತಿಗೆ," ಅಂದ.
ಹನ್ನೊಂದು ವರ್ಷಕ್ಕೆ ಮೊದಲ ಮಾತು.

"ಇರಲಿ ಬಿಡು," ಅಂದಳು.
ಆರು.

ಕಾಲಾಳು ಒಂದು ಮನೆ ಮುಂದೆ.
ಕೊಂಬಿನ ರಾಜ ಕಾಫಿ ಕಲೆಯ ಮೂಲೆಯಲ್ಲಿ
ಅಲುಗದೆ ನಿಂತ.

ಯಾರೂ ಎದ್ದು ನಿಲ್ಲಲಿಲ್ಲ.
ಗಿರ್ಮಾಚೆವ್ ಮಾತ್ರ, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ,
ಆ ಕುದುರೆಯನ್ನು ಆಗಲೇ ತಿನ್ನಬೇಕಿತ್ತು
ಎನ್ನುತ್ತಲೇ ಇದ್ದ.